ವೈಮಾನಿಕ ಚಿತ್ರಗಳಲ್ಲಿ ವೀರರಸ

ಯುದ್ಧಕಾಲದಲ್ಲಿ ಜನರ ಮನಸ್ಸು ಎರಡು ವಸ್ತುಗಳನ್ನು ಬಯಸುವುದು: ಒಂದು ಧೈರ್ಯ, ಇನ್ನೊಂದು ಮರೆವು. ೧೯೩೯ ರಿಂದ ೧೯೪೫ ರ ವರೆಗೆ ನಡೆದ ಎರಡನೆಯ ಮಹಾಯುದ್ಧದಲ್ಲಿ ಪಾಶ್ಚಾತ್ಯ ದೇಶಗಳ ಸಾಮಾನ್ಯ ಜನಕ್ಕೆ ಇವೆರಡನ್ನೂ ಹೇರಳವಾಗಿ ಒದಗಿಸಿದುದು ಚಲಚ್ಚಿತ್ರ. ಆ ಚಿತ್ರಗಳಲ್ಲಿ ವೈಮಾನಿಕನಿಗೆ ದೊರೆತ ಸ್ಥಾನವು, ನಮ್ಮ ಪುರಾತನ ಕಾವ್ಯಗಳಲ್ಲಿ ಮಹಾರಥಿಕನಿಗೆ ಇದ್ದ ಸ್ಥಾನಕ್ಕೆ ಕಡಮೆಯಾದುದಲ್ಲ. ಈಗ ಅವುಗಳನ್ನು ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲವಿರುವುದರಿಂದ, ಅಂಥ ಎರಡು ಚಿತ್ರಗಳನ್ನು ಎದುರುಬದುರಾಗಿಟ್ಟು, ಅವುಗಳಲ್ಲಿ ವೀರರಸವು ನಿಜವಾಗಿ ಸಿದ್ಧಿಸಿದೆಯೇ ಎಂಬುದನ್ನು ಪರಿಶೀಲಿಸಬೇಕೆಂದು ಈ ಲೇಖನದ ಉದ್ದೇಶ.

ಪಶ್ಚಿಮದ ಯಂತ್ರಕಲೆಗೆ ಭರತಮುನಿಯ ಅಳತೆಗೋಲೇಕೆ ಎಂದು ಕೆಲವರು ಆಕ್ಷೇಪಿಸಬಹುದು. ರಸವು ತೆರೆಯ ಮೇಲಿರುವ ವಸ್ತುವಲ್ಲ. ನೋಡುವವನ ಹೃದಯದಲ್ಲಿ ಹುಟ್ಟುವ ಅನುಭವ. ಹೃದಯಕ್ಕೆ ಪೂರ್ವಪಶ್ಚಿಮಗಳ ಭೇದವಿಲ್ಲದುದರಿಂದ ಈ ಆಕ್ಷೇಪಕ್ಕೆ ಹೆಚ್ಚಿನ ಸಮಾಧಾನವು ಬೇಕಿಲ್ಲ.

ಮೊದಲನೆಯ ಚಿತ್ರವು ಅಮೇರಿಕದ್ದು: ‘ವಿಕ್ಟರಿ ಥ್ರೂ ಏರ್ ಪವರ್’, ಎಂದರೆ ‘ವಾಯುಬಲದಿಂದ ವಿಜಯ’. ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡುವ ಕಲೆಯಲ್ಲಿ ಲೋಕಪ್ರಸಿದ್ಧನಾದ ವಾಲ್ಟ್ ಡಿಸ್ನಿಯು ಇದನ್ನು ೧೯೪೩ ರಲ್ಲಿ ಹೊರತಂದನು. ಅದಕ್ಕೆ ಆಧಾರವು ಅಲೆಕ್ಸಾಂಡರ್ ಡಿ ಸೆವೆರ್ಸ್ಕಿಯು ೧೯೪೨ ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಗ್ರಂಥ. ಈತನು ಮೊದಲನೆಯ ಮಹಾಯುದ್ಧದಲ್ಲಿ ರಷ್ಯದ ನೌಕಾಸೈನ್ಯದ ವೈಮಾನಿಕನಾಗಿದ್ದು, ೧೯೧೫ ರಲ್ಲಿ ಒಂದು ಕಾಲನ್ನು ಕಳೆದುಕೊಂಡು, ಅನಂತರ ಅಮೇರಿಕಕ್ಕೆ ಬಂದು ವಿಮಾನನಿರ್ಮಾತೃವೆನಿಸಿದವನು. ದೂರಗಾಮಿಗಳಾದ ಬಾಂಬು ವಿಮಾನಗಳಿಂದ ಶತ್ರುವಿನ ಕಾರ್ಖಾನೆಗಳನ್ನೇ ನಾಶಮಾಡಿದರೆ ಯುದ್ಧವು ಬೇಗನೆ ಮುಗಿಯುವುದೆಂಬುದು ಅವನ ವಾದ. ಡಿಸ್ನಿಯು ಈ ವಾದಕ್ಕೆ ಮನಸೋತು, ಯಾರ ಅಪ್ಪಣೆಗೂ ಕಾಯದೆ ಸ್ವಂತ ಇಚ್ಛೆಯಿಂದ ಚಿತ್ರವನ್ನು ಮಾಡಿದನು.

ಚಿತ್ರದ ಮೊದಲ ಭಾಗವು, ೧೯೦೩ ರಲ್ಲಿ ರೈಟ್ ಸೋದರರು ಹಾರಿದಂದಿನಿಂದ ನಡೆದ ವಿಮಾನದ ಚರಿತ್ರೆಯನ್ನು ನಗೆಯೊಡನೆ ಹೇಳುವುದು. ಇಲ್ಲಿ ಹಾಸ್ಯವು ಸೊಗಸಾಗಿದೆ. ಅನಂತರ ಸೆವೆರ್ಸ್ಕಿಯೇ ಭೂಪಟಗಳ ಮುಂದೆ ನಿಂತು ಉಪಾಧ್ಯಾಯನಂತೆ ಪಾಠ ಹೇಳುವನು. ಕೊನೆಯ ಭಾಗದಲ್ಲಿ ವಿಮಾನಗಳು ದಂಡುಕಟ್ಟಿ ಹೊರಟು ಜಪಾನಿನ ಮೇಲೆ ಬೆಂಕಿಯ ಮಳೆಗರೆಯುವುವು. ಜಪಾನೆಂಬುದು ದ್ವೀಪಗಳ ಮೇಲೆ ತನ್ನ ತೋಳುಗಳನ್ನು ಚಾಚಿದ ಆಕ್ಟೋಪಸ್ ಎಂಬ ಕಡಲಪ್ರಾಣಿಯಾಗುವುದು. ಅಮೇರಿಕದ ವಾಯುಬಲವು ಮಹತ್ತಾದ ಹದ್ದಾಗಿ ಅದರ ತಲೆಯನ್ನು ಉಗುರುಗಳಿಂದ ಇರಿದಿರಿದು ಕೊಲ್ಲುವುದು. ವಾದ್ಯಘೋಷದೊಡನೆ ಚಿತ್ರವು ಮುಗಿಯುವುದು.

ವರ್ಣವೈಭವದಲ್ಲಾಗಲಿ ಚಲನೆಯ ಬೆಡಗಿನಲ್ಲಾಗಲಿ ಈ ಭಾಗವು ಅಸಾಧಾರಣವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದು ವೀರವೇ? ವೀರಕ್ಕೆ ಸ್ಥಾಯಿಯು ಉತ್ಸಾಹ. ಆಲಂಬನವು ಜಯಿಸಲ್ಪಡತಕ್ಕ ಪ್ರತಿನಾಯಕ. ಎದುರಾಳಿಯು ಹಿರಿಯನಾದಷ್ಟೂ ಗೆದ್ದವನ ಉತ್ಸಾಹಕ್ಕೆ ಬೆಲೆ ಹೆಚ್ಚು. ಅದರಿಂದಲೇ ವಾಲ್ಮೀಕಿಯು ರಾವಣನ ತೇಜಸ್ಸನ್ನು ಹನುಮಂತನ ಬಾಯಿಂದಲೇ ಹೊಗಳಿಸಿದನು. ಇಲ್ಲಿಯಾದರೋ ಎದುರಾಳಿಯು ಮನುಷ್ಯನೇ ಅಲ್ಲ, ಸಮುದ್ರದ ಒಂದು ಜಂತು. ಅವನ ನಗರಗಳು ಊರುಗಳಲ್ಲ, ಭೂಪಟದ ಮೇಲಿನ ಗುರುತುಗಳು. ಆಲಂಬನವನ್ನೇ ಅಳಿಸಿಹಾಕಿದ ಮೇಲೆ ಉತ್ಸಾಹವು ಯಾವುದನ್ನು ಆಶ್ರಯಿಸಿ ನಿಲ್ಲಬೇಕು? ಕೊನೆಗೆ ಉಳಿಯುವುದು ಯಂತ್ರಗಳನ್ನು ಕುರಿತ ಬೆರಗು. ಅದು ಅದ್ಭುತವಾಗಬಹುದು; ವೀರವಾಗಲಾರದು.

ಎತ್ತರದಿಂದ ನೋಡಿದರೆ ಭೂಮಿಯು ಹಾಗೆಯೇ ಕಾಣುವುದಲ್ಲವೆ ಎನ್ನಬಹುದು. ಕಾಳಿದಾಸನು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಯುದ್ಧವನ್ನು ಗೆದ್ದು ಪುಷ್ಪಕವಿಮಾನದಲ್ಲಿ ಹಿಂದಿರುಗುತ್ತ ಸೀತೆಗೆ ಕೆಳಗಿನ ನೆಲವನ್ನು ತೋರಿಸುತ್ತಾನೆ. ಕಡಲು, ಕಾಡು, ಬೆಟ್ಟ, ಹೊಳೆ ಎಲ್ಲವೂ ಮೇಲಿನಿಂದಲೇ ಕಾಣುವುವು. ಆದರೆ ಒಂದೊಂದು ಸ್ಥಳವೂ ಒಂದೊಂದು ನೋವಿನ ನೆನಪನ್ನು ಹೊತ್ತಿದೆ; ನಿನ್ನನ್ನು ಹುಡುಕುತ್ತ ಬಂದಾಗ ಕಳಚಿ ಬಿದ್ದಿದ್ದ ನಿನ್ನ ಕಾಲಂದುಗೆಯೊಂದನ್ನು ಕಂಡುದು ಇಲ್ಲಿಯೇ ಎಂದು ಅವನು ಹೇಳುತ್ತಾನೆ. ವಿಮಾನವು ಎಷ್ಟು ಮೇಲಕ್ಕೇರಿದರೂ ಕವಿಯ ಕಣ್ಣಿಗೆ ನೆಲದ ಮೇಲಿನ ಒಂದು ಕಾಲಂದುಗೆಯು ಕಾಣದೆ ಹೋಗಲಿಲ್ಲ. ಆದುದರಿಂದ ದೋಷವು ಎತ್ತರದ್ದಲ್ಲ, ದೃಷ್ಟಿಯದು.

ಡಿಸ್ನಿಯ ಶಾಲೆಗೆ ಇಂಥ ದೃಷ್ಟಿಯೇ ಇರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಅದಕ್ಕೆ ಒಂದು ವರ್ಷ ಮೊದಲು, ೧೯೪೨ ರಲ್ಲಿ, ಅದೇ ಶಾಲೆಯಿಂದ ‘ಬ್ಯಾಂಬಿ’ ಎಂಬ ಜಿಂಕೆಮರಿಯ ಕಥೆಯು ಬಂದಿತ್ತು. ಅದರಲ್ಲಿ ಮರಿಯ ತಾಯಿಯು ಬೇಟೆಗಾರನ ಗುಂಡಿಗೆ ಬಲಿಯಾಗುತ್ತಾಳೆ. ಬೇಟೆಗಾರನು ಕಾಣುವುದಿಲ್ಲ, ತಾಯಿಯು ಬೀಳುವುದೂ ಕಾಣುವುದಿಲ್ಲ. ಒಂದು ಗುಂಡಿನ ಸದ್ದು. ಬಳಿಕ ಸುರಿಯುವ ಹಿಮದಲ್ಲಿ ತಾಯಿಯನ್ನು ಕರೆಯುತ್ತ ಅಲೆಯುವ ಮರಿ. ಅಷ್ಟರಿಂದಲೇ ದೇಶದೇಶಗಳ ಮಕ್ಕಳೂ ಮುದುಕರೂ ಕಣ್ಣೀರಿಟ್ಟರು. ಆನಂದವರ್ಧನನು ಧ್ವನಿಯೆಂದು ಕರೆದುದು ಇದನ್ನೇ. ಒಂದು ಜಿಂಕೆಯ ಸಾವಿಗೆ ಇಷ್ಟು ಮಿಡಿಯಬಲ್ಲ ಕಲೆಯು ಮರುವರ್ಷವೇ ನಗರಗಳು ಉರಿಯುವಾಗ ಒಂದು ಕೂಗನ್ನೂ ಕೇಳಿಸಲಿಲ್ಲವೆಂಬುದು ಶೋಚನೀಯವಾದ ಸಂಗತಿ. ಅಮೇರಿಕದ ವಿಮರ್ಶಕನಾದ ಜೇಮ್ಸ್ ಏಜಿಯು ೧೯೪೩ ರಲ್ಲಿಯೇ ‘ದಿ ನೇಷನ್’ ಪತ್ರಿಕೆಯಲ್ಲಿ, ಅಷ್ಟೊಂದು ಬಾಂಬುಗಳ ಕೆಳಗೆ ನೋಯುವ ಜನರೊಬ್ಬರೂ ಇಲ್ಲದಿರುವುದನ್ನು ಕಂಡು ಕಳವಳಪಟ್ಟನು.

ಆ ಕಳವಳವು ಬರಿಯ ಸಾಹಿತ್ಯಚರ್ಚೆಯದಾಗಿ ಉಳಿಯಲಿಲ್ಲ. ೧೯೪೫ ರ ಮಾರ್ಚಿ ೯-೧೦ ರ ರಾತ್ರಿ ಟೋಕಿಯೋ ನಗರದ ಮೇಲೆ ಅಮೇರಿಕದ ವಿಮಾನಗಳು ಬೆಂಕಿಯ ಬಾಂಬುಗಳನ್ನು ಸುರಿದುವು. ಒಂದೇ ರಾತ್ರಿಯಲ್ಲಿ ಸತ್ತವರು ಸುಮಾರು ೧,೦೦,೦೦೦ ಮಂದಿಯೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಮನೆಮಠಗಳಲ್ಲಿದ್ದ ಸಾಮಾನ್ಯ ಜನ. ಈ ಚಿತ್ರವೇ ಅದಕ್ಕೆ ಕಾರಣವೆಂದು ಹೇಳಿದರೆ ಅದು ಅನ್ಯಾಯವಾಗುವುದು. ಆದರೆ ಅಂಥ ರಾತ್ರಿಯನ್ನು ಕುರಿತು ಯೋಚಿಸಲು ಬೇಕಾದ ಸಿದ್ಧತೆಯನ್ನು ಅದು ಪ್ರೇಕ್ಷಕರಿಗೆ ಕೊಡಲಿಲ್ಲವೆಂದು ಹೇಳುವುದು ಅನ್ಯಾಯವಲ್ಲ.

ಎರಡನೆಯ ಚಿತ್ರವು ಇಂಗ್ಲೆಂಡಿನದು: ೧೯೪೫ ರಲ್ಲಿ ಬಂದ ‘ದಿ ವೇ ಟು ದಿ ಸ್ಟಾರ್ಸ್’, ‘ನಕ್ಷತ್ರಗಳ ದಾರಿ’. ನಿರ್ದೇಶಕನು ಆಂಟನಿ ಆಸ್ಕ್ವಿತ್. ಬರೆದವರಲ್ಲಿ ಮುಖ್ಯನು ನಾಟಕಕಾರನಾದ ಟೆರೆನ್ಸ್ ರ‍್ಯಾಟಿಗನ್. ಇದರಲ್ಲಿ ಬಣ್ಣವಿಲ್ಲ, ಆಕಾಶಯುದ್ಧದ ಆರ್ಭಟವೂ ಇಲ್ಲವೆನ್ನುವಷ್ಟು ಕಡಮೆ. ಯುದ್ಧವು ಮುಗಿದು ಪಾಳುಬಿದ್ದಿರುವ ವಿಮಾನನಿಲ್ದಾಣವು ಮೊದಲು ಕಾಣುವುದು. ಬರಿದಾದ ಕೋಣೆಗಳಲ್ಲಿ ಯಾರೋ ಬಿಟ್ಟುಹೋದ ಗುರುತುಗಳು, ಗೋಡೆಯ ಮೇಲಿನ ಬರಹಗಳು. ಅವು ಯಾರವು, ಏತಕ್ಕೆ ಎಂಬುದು ನಮಗೆ ಆಗ ತಿಳಿಯದು. ಕಥೆಯು ೧೯೪೦ ಕ್ಕೆ ಹಿಂದಿರುಗಿ ಮುಂದುವರಿದಂತೆ ಆ ಒಂದೊಂದು ಗುರುತಿಗೂ ಒಬ್ಬೊಬ್ಬ ಮನುಷ್ಯನು ಒಡೆಯನಾಗುತ್ತಾನೆ. ಅವನು ಏಕೆ ಅಲ್ಲಿಲ್ಲವೆಂಬುದೂ ತಿಳಿಯುತ್ತದೆ.

ಡೇವಿಡ್ ಆರ್ಚ್‌ಡೇಲ್ ಎಂಬ ವೈಮಾನಿಕನು ಗುಟ್ಟಾಗಿ ಕವಿತೆ ಬರೆಯುವವನು. ಒಂದು ದಿನ ಅವನು ಹೋದವನು ಬಾರನು. ಅವನು ಸತ್ತುದನ್ನು ನಾವು ನೋಡುವುದಿಲ್ಲ. ಗೆಳೆಯನಾದ ಪೆನ್ರೋಸನು ಆ ಕವಿತೆಯನ್ನು ಅವನ ಹೆಂಡತಿಯ ಕೈಗೆ ತಲಪಿಸುವನು, ಅವಳು ಓದುವಳು, ಅಷ್ಟೆ. ಬಳಿಕ ಹಾಲಿಸನೆಂಬ ಅಮೇರಿಕದ ವೈಮಾನಿಕನ ಪ್ರಸಂಗವಿದೆ. ಅವನ ವಿಮಾನವು ಕೆಟ್ಟಿದೆ. ಬಾಂಬೊಂದು ಒಳಗೇ ಸಿಕ್ಕಿಕೊಂಡಿದೆ. ಕೊಡೆ ಬಿಚ್ಚಿ ಹಾರಿಕೊಂಡರೆ ತಾನು ಬದುಕಬಹುದು. ಆದರೆ ವಿಮಾನವು ಕೆಳಗಿನ ಹಳ್ಳಿಯ ಮೇಲೆ ಬಿದ್ದೀತು. ಅವನು ಹಾರಿಕೊಳ್ಳದೆ, ಅದನ್ನು ನೆಲಕ್ಕಿಳಿಸಲು ಹೋಗಿ ಪ್ರಾಣ ಬಿಡುವನು. ಮೇಲಿದ್ದವನು ಕೆಳಗಿರುವವರನ್ನು ನೆನೆದ ಕ್ಷಣವಿದು. ಚಿತ್ರದ ವೀರವು ಇಲ್ಲಿದೆ. ನಮ್ಮವರು ದಯಾವೀರವೆಂದು ಬೇರೆಯಾಗಿ ಎಣಿಸಿದ್ದೂ ಇದನ್ನೇ.

ಹೇಳದೆ ಬಿಡುವುದು ಎರಡು ಚಿತ್ರಗಳಲ್ಲಿಯೂ ಇದೆ. ಆಸ್ಕ್ವಿತನು ಸಾವನ್ನು ತೋರಿಸದೆ ಬಿಟ್ಟುದು, ಅದು ಪ್ರೇಕ್ಷಕನ ಮನಸ್ಸಿನಲ್ಲಿ ಬೆಳೆಯಲೆಂದು. ಡಿಸ್ನಿಯು ಬಿಟ್ಟುದು, ಅದು ಮನಸ್ಸಿನಲ್ಲಿ ಹುಟ್ಟಲೇಬಾರದೆಂದು. ಮೊದಲನೆಯದು ಧ್ವನಿ, ಎರಡನೆಯದು ಮರೆಮಾಚುವಿಕೆ. ಬ್ರಿಟಿಷ್ ಬಾಂಬು ವಿಮಾನದಳದಲ್ಲಿ ಹಾರಿದ ಸುಮಾರು ೧,೨೫,೦೦೦ ಜನರಲ್ಲಿ ೫೫,೫೭೩ ಮಂದಿ ಸತ್ತರು. ಇಂಗ್ಲೆಂಡಿನ ಪ್ರೇಕ್ಷಕನಿಗೆ ಆ ಖಾಲಿ ಕೋಣೆಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗಿದ್ದರೂ ಪಕ್ಷಪಾತವು ಸಲ್ಲದು. ಈ ವಿಮಾನಗಳು ಹೋಗಿ ಬಾಂಬು ಹಾಕಿದ ಊರುಗಳ ಜನರು ಇಂಗ್ಲೆಂಡಿನ ಚಿತ್ರದಲ್ಲಿಯೂ ಕಾಣುವುದಿಲ್ಲ. ಅದರ ಕರುಣವು ತನ್ನವರ ಮಟ್ಟಿಗೆ ನಿಂತಿದೆ. ಆದರೆ ಇಲ್ಲದವನನ್ನು ನೆನೆಯುವ ಅಭ್ಯಾಸವನ್ನು ಅದು ಕಲಿಸುತ್ತದೆ. ಆ ಅಭ್ಯಾಸವುಳ್ಳವನು ಕ್ರಮೇಣ ಅನ್ಯರನ್ನೂ ನೆನೆಯಬಲ್ಲನು.

ಪ್ರಾಣವನ್ನು ಪಣವಿಟ್ಟ ಕಾಲದಲ್ಲಿ ಜನಕ್ಕೆ ಉತ್ಸಾಹವು ಬೇಕು, ಶತ್ರುವಿಗಾಗಿ ಅಳುವುದಕ್ಕೆ ಅದು ಹೊತ್ತಲ್ಲ ಎಂದು ಕೆಲವರು ಹೇಳುವರು. ಆ ಯುದ್ಧವು ಮಾಡಲೇಬೇಕಾದ ಯುದ್ಧವಾಗಿತ್ತೆಂಬುದರಲ್ಲಿ ನಮಗೂ ಸಂದೇಹವಿಲ್ಲ. ಆದರೆ ರನ್ನನನ್ನು ನೋಡಿರಿ. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿ ಹೊಗಳಲೆಂದೇ ಗದಾಯುದ್ಧವನ್ನು ಬರೆದವನು ಅವನು; ಒಡೆಯನ ಉತ್ಸಾಹವೇ ಅವನಿಗೆ ಪ್ರಸ್ತುತ. ಆದರೂ ಶತ್ರುವಾದ ದುರ್ಯೋಧನನನ್ನು ಸಂಜಯನೊಡನೆ ಹೆಣಗಳ ನಡುವೆ ನಡೆಯಿಸಿ, ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಅವನು ಮರುಗುವಂತೆ ಮಾಡಿದನು. ಎದುರಾಳಿಯ ಮಗನಾದ ಅಭಿಮನ್ಯುವಿನ ದೇಹದ ಮುಂದೆ ಅವನೇ ತಲೆಬಾಗಿದನು. ಇದರಿಂದ ಭೀಮನ ಗೆಲುವು ಕುಗ್ಗಿತೇ? ಗೆದ್ದುದು ಎಂಥವನನ್ನು ಎಂಬುದು ತಿಳಿದು ಅದು ಮತ್ತಷ್ಟು ಹಿರಿದಾಯಿತು.

ಇದೆಲ್ಲ ದೂರದವರ ಮಾತು, ನಮಗೇನು ಎನ್ನುವಂತೆಯೂ ಇಲ್ಲ. ೧೯೪೨ ರ ಏಪ್ರಿಲ್ ೬ ರಂದು ವಿಶಾಖಪಟ್ಟಣ ಕಾಕಿನಾಡೆಗಳ ಮೇಲೆಯೂ, ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯ ಮೇಲೆಯೂ ಜಪಾನಿನ ಬಾಂಬುಗಳು ಬಿದ್ದುವು. ಆಗ ಕೆಳಗಿದ್ದವರು ನಮ್ಮವರು. ೧೯೪೦ ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಪ್ರಯತ್ನದಿಂದಲೂ ಮೈಸೂರು ಸರ್ಕಾರದ ಸಹಾಯದಿಂದಲೂ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೇರಿಕದ ಸೈನ್ಯದ ವಿಮಾನಗಳು ದುರಸ್ತಿಯಾದುವು. ಅವನ್ನು ಮತ್ತೆ ಹಾರುವಂತೆ ಮಾಡಿದ ಕೈಗಳಲ್ಲಿಯೂ ನಮ್ಮವರವು ಇದ್ದುವು. ಮೇಲು ಕೆಳಗು ಎರಡರಲ್ಲಿಯೂ ಪಾಲುಳ್ಳ ನಾವು ಈ ಚಿತ್ರಗಳನ್ನು ತೂಗಿನೋಡಲು ಅನಧಿಕಾರಿಗಳಲ್ಲ.

ಇಂದಿಗೂ ಯುದ್ಧದ ದೃಶ್ಯಗಳು, ಆಕಾಶದಿಂದಲೇ ತೆಗೆದವು, ನಮ್ಮ ಮನೆಗಳ ಒಳಕ್ಕೆ ಬರುತ್ತಿವೆ. ಮೂಕವಾದ ಒಂದು ಹೊಗೆಯ ಮೋಡವೇಳುವುದು, ಅಲ್ಲಿಗೆ ಮುಗಿಯುವುದು. ಮಕ್ಕಳು ಅದನ್ನು ಆಟವನ್ನು ನೋಡುವಂತೆ ನೋಡುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ನೋಡಬೇಡವೆಂದು ತಡೆಯುವುದೂ ಸಾಧ್ಯವಿಲ್ಲ. ಆ ಹೊಗೆಯ ಕೆಳಗೆ ಯಾರ ಮನೆಯಿತ್ತು ಎಂದು ಹಿರಿಯರು ಒಂದು ಸಲ ಕೇಳಿದರೆ ಸಾಕು. ಗದಾಯುದ್ಧದ ಆ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯಿದ್ದರೆ, ಆ ಪ್ರಶ್ನೆಯನ್ನು ಮಕ್ಕಳು ತಾವಾಗಿಯೇ ಕೇಳಿಯಾರು.