ಚುಕ್ಕೆಗಿಂತ ಮೊದಲು ಸೂಚಿ

ಅಮೆರಿಕದ ಸೇನೆ ಜಗತ್ತಿನಲ್ಲಿ ಎಲ್ಲೆಲ್ಲಿ ಬೀಡುಬಿಟ್ಟಿದೆ ಎಂದು ತೋರಿಸುವ ನಕ್ಷೆ ಸಿಕ್ಕರೆ ನನ್ನ ಕಣ್ಣು ಮೊದಲು ಹೋಗುವುದು ಭಾರತದ ಮೇಲೆ. ಅಲ್ಲಿ ಬಣ್ಣ ತುಂಬಿದ್ದರೆ ನಕ್ಷೆ ಬರೆದವರು ಅವಸರದವರು ಎಂದುಕೊಳ್ಳುತ್ತೇನೆ. ದೆಹಲಿಯ ರಾಯಭಾರ ಕಚೇರಿ ಕಾಯುವ ಮರೀನ್ ಕಾವಲಿನವರೂ ಪೆಂಟಗನ್ನಿನ ಸಿಬ್ಬಂದಿ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುತ್ತಾರೆ. ಆ ಪಟ್ಟಿಯನ್ನೇ ನೆಚ್ಚಿ ದೇಶಗಳಿಗೆ ಬಣ್ಣ ಬಳಿಯುತ್ತಾ ಹೋದರೆ ಭೂಮಿಯ ಬಹುಪಾಲು ಕೆಂಪಾಗುತ್ತದೆ. ಅಂಥ ನಕ್ಷೆ ಸುಳ್ಳೇನಲ್ಲ, ಉಪಯೋಗಕ್ಕೆ ಬರುವುದಿಲ್ಲ ಅಷ್ಟೆ.

ಎರಡನೆಯ ಪರೀಕ್ಷೆ ಪೋಲೆಂಡ್. ರಷ್ಯಾ 2022ರಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಪೋಲೆಂಡಿನಲ್ಲಿದ್ದ ಅಮೆರಿಕನ್ ಸೈನಿಕರು 10,000ದ ಆಸುಪಾಸು. ಅದೇ ಪಟ್ಟಿಯಲ್ಲಿ ಹುಡುಕಿದರೆ ಕೆಲವೇ ನೂರು. ಪಾಳಿಯ ಮೇಲೆ ಕೆಲವು ತಿಂಗಳ ಮಟ್ಟಿಗೆ ಬಂದುಹೋಗುವ ತುಕಡಿಗಳು ತವರಿನ ಲೆಕ್ಕದಲ್ಲೇ ಉಳಿಯುತ್ತವೆ. ಜಾತ್ರೆಗೆ ಬಂದವರನ್ನು ಊರಿನ ಜನಗಣತಿಯಲ್ಲಿ ಸೇರಿಸುವುದಿಲ್ಲವಲ್ಲ, ಹಾಗೆ. ಇನ್ನು ಇರಾಕ್, ಸಿರಿಯಾ, ಅಫ್ಘಾನಿಸ್ತಾನಗಳ ಅಂಕಿಯನ್ನಂತೂ 2018ರಲ್ಲಿ ಪಟ್ಟಿಯಿಂದಲೇ ಕೈಬಿಟ್ಟರು. ಸಿರಿಯಾದಲ್ಲಿ 900 ಮಂದಿ ಎಂದು ಬಹುಕಾಲ ಹೇಳುತ್ತಿದ್ದ ಪೆಂಟಗನ್, 2024ರ ಡಿಸೆಂಬರಿನಲ್ಲಿ ಸುಮಾರು 2,000 ಎಂದು ಒಪ್ಪಿಕೊಂಡಿತು. ಹಾಗಾಗಿ ಸೈನಿಕರ ಸಂಖ್ಯೆಗೆ ತಕ್ಕಂತೆ ವೃತ್ತಗಳನ್ನು ಹಿಗ್ಗಿಸಿ ಕುಗ್ಗಿಸಿದ ನಕ್ಷೆಗಳೆಂದರೆ ನನಗೆ ಗುಮಾನಿ. ನೋಡಲೇನೋ ಚೆಂದ.

ನೆಲೆಗಳ ಎಣಿಕೆ ಇನ್ನೊಂದು ಕಥೆ. ಪೆಂಟಗನ್ ತನ್ನ ಆಸ್ತಿಪಾಸ್ತಿಯ ವರದಿಯನ್ನೂ ಹೊರಡಿಸುತ್ತದೆ. ಅದರಲ್ಲಿ ಗಾಲ್ಫ್ ಮೈದಾನಕ್ಕೂ ಒಂದು ಸಾಲಿದೆ. ಆದರೆ ಕೊಸೊವೊದಲ್ಲಿ 1999ರಲ್ಲಿ ಕಟ್ಟಿದ ಕ್ಯಾಂಪ್ ಬಾಂಡ್‌ಸ್ಟೀಲ್‌ನಂಥ ದೊಡ್ಡ ಠಾಣ್ಯ ಎಷ್ಟೋ ವರ್ಷ ಅದರಲ್ಲಿ ಕಾಣಿಸಿಕೊಳ್ಳಲಿಲ್ಲ. ಮಾನವಶಾಸ್ತ್ರಜ್ಞ ಡೇವಿಡ್ ವೈನ್ ಇಂಥ ಬಿಟ್ಟ ಸ್ಥಳಗಳನ್ನು ಬೇರೆ ಮೂಲಗಳಿಂದ ಹೆಕ್ಕಿ ಸೇರಿಸಿದರು. 2015ರಲ್ಲಿ ಅವರ ಲೆಕ್ಕ ಸುಮಾರು 800. 2021ರಲ್ಲಿ ಸುಮಾರು 750, ಎಂಬತ್ತರಷ್ಟು ದೇಶ-ಪ್ರದೇಶಗಳಲ್ಲಿ. ನನಗೆ ಹಿಡಿಸಿದ್ದು ಅವರ ಮೊತ್ತಕ್ಕಿಂತ ಸೂಚಿ: ಹತ್ತು ಎಕರೆ ಅಥವಾ ಒಂದು ಕೋಟಿ ಡಾಲರ್ ಮೌಲ್ಯ ಮೀರಿದ್ದು ಪೂರ್ಣ ನೆಲೆ, ಅದಕ್ಕಿಂತ ಕಿರಿದಾದ್ದಕ್ಕೆ ಬೇರೆಯೇ ಗುರುತು. ಗೆರೆ ಎಲ್ಲಿ ಎಳೆದರೆಂದು ಗೊತ್ತಿದ್ದರೆ ಜಗಳವಾದರೂ ಆಡಬಹುದು.

ನೆಲೆಗೊಂದು ಚುಕ್ಕೆ ಇಡುವ ನಕ್ಷೆ ಸೋಲುವುದು ಒಕಿನಾವಾದಲ್ಲಿ. ಜಪಾನಿನ ಭೂಭಾಗದಲ್ಲಿ ಈ ದ್ವೀಪಗಳ ಪಾಲು ಶೇ. 0.6 ಮಾತ್ರ. ಜಪಾನಿನಲ್ಲಿ ಅಮೆರಿಕನ್ ಸೇನೆಯ ಬಳಕೆಗೇ ಮೀಸಲಾದ ನೆಲದಲ್ಲಿ ಒಕಿನಾವಾದ ಪಾಲು ಶೇ. 70ರಷ್ಟು. ಜಗತ್ತಿನ ನಕ್ಷೆಯಲ್ಲಿ ಅಷ್ಟೂ ಚುಕ್ಕೆಗಳು ಒಂದರ ಮೇಲೊಂದು ಕೂತು ಒಂದೇ ಮಸಿಯ ಬೊಟ್ಟಾಗುತ್ತವೆ. ಚುಕ್ಕೆ ಬಿಟ್ಟು ಬೇಲಿಯ ಗೆರೆಯನ್ನೇ ಎಳೆದ ಹಾಳೆಯನ್ನು ನೋಡಿ: ಗಿನೊವಾನ್ ಪಟ್ಟಣದ ನಟ್ಟನಡುವೆ ಫುಟೆನ್ಮಾ ವಿಮಾನ ನೆಲೆ, ಸುತ್ತ ಒತ್ತಿಕೊಂಡಿರುವ ಮನೆಗಳು. ಇಂಥ ಒಂದು ಹಾಳೆಗೆ ಹತ್ತು ಭೂಪಟಗಳನ್ನು ಬೇಕಾದರೂ ಕೊಟ್ಟುಬಿಡುತ್ತೇನೆ.

ಬೇಲಿಯ ಗೆರೆ ಕೆಲವೊಮ್ಮೆ ಸೈನಿಕರೇ ಎಳೆದುಕೊಡುತ್ತಾರೆ. ಓಟದ ಜಾಡು ಹಿಡಿಯುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರ ಹೆಜ್ಜೆಗಳನ್ನೆಲ್ಲ ಕೂಡಿಸಿ ಹೊಳೆಯುವ ನಕ್ಷೆಯೊಂದನ್ನು ಹೊರತಂದಿತ್ತು. ಸಿರಿಯಾ, ಅಫ್ಘಾನಿಸ್ತಾನಗಳ ಕತ್ತಲಲ್ಲಿ ಕೆಲವು ಕಡೆ ಮಾತ್ರ ಬೆಳಕಿನ ಉಂಗುರಗಳಿದ್ದುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯದ ವಿದ್ಯಾರ್ಥಿ ನೇಥನ್ ರುಸರ್ ಎತ್ತಿ ತೋರಿಸಿದರು. ಬೆಳಗಿನ ಓಟ ಕಾಂಪೌಂಡಿನ ಒಳಸುತ್ತನ್ನೇ ಬರೆದುಬಿಟ್ಟಿತ್ತು. ಆದರೂ ಓಡಿದವರು ಯಾವ ದೇಶದವರು, ಈಗಲೂ ಅಲ್ಲಿದ್ದಾರೆಯೇ ಎಂಬುದನ್ನು ಉಂಗುರ ಹೇಳುವುದಿಲ್ಲ.

ಅದಕ್ಕೇ ನಕ್ಷೆಯ ಮೂಲೆಯಲ್ಲಿ ತಾರೀಕು ಬೇಕು. ಜೋರ್ಡಾನಿನ ಟವರ್ 22 ಎಂಬ ಠಾಣ್ಯ ಹೆಚ್ಚಿನವರಿಗೆ ಗೊತ್ತಾದದ್ದೇ 2024ರ ಜನವರಿಯಲ್ಲಿ, ಡ್ರೋನ್ ದಾಳಿಗೆ ಮೂವರು ಅಮೆರಿಕನ್ ಸೈನಿಕರು ಬಲಿಯಾದಾಗ. ಅದೇ ವರ್ಷ ಆಗಸ್ಟಿನಲ್ಲಿ ನೈಜರ್‌ನ ಅಗಾಡೆಜ್ ಡ್ರೋನ್ ನೆಲೆಯನ್ನು ಅಮೆರಿಕ ತೆರವು ಮಾಡಿತು. ಹತ್ತು ಕೋಟಿ ಡಾಲರಿಗೂ ಮಿಗಿಲಾಗಿ ಸುರಿದು ಕಟ್ಟಿದ್ದು. ಸೈನಿಕರು ಹೊರಟರು, ರನ್‌ವೇ ಹೊರಡಲಾದೀತೇ? ಉಪಗ್ರಹ ಚಿತ್ರವನ್ನಷ್ಟೇ ನಂಬಿ ಚುಕ್ಕೆ ಇಡುವವರು ಅಲ್ಲೊಂದನ್ನು ಈಗಲೂ ಇಟ್ಟಾರು.