ದೆವ್ವದ ಬಾಯಲ್ಲೂ ಮಾತಿಲ್ಲ

'ದಿ ಎಕ್ಸಾರ್ಸಿಸ್ಟ್: ಬಿಲೀವರ್' (2023) ನೋಡಿ ನನಗೆ ಹೆದರಿಕೆಯಾಗಲಿಲ್ಲ, ಹೊಟ್ಟೆ ಉರೀತು. 1973ರ ಚಿತ್ರದ ತಾಯಿ ಎಲೆನ್ ಬರ್ಸ್ಟಿನ್ ಐವತ್ತು ವರ್ಷದ ಮೇಲೆ ಮರಳಿ ಬರ್ತಾಳೆ ಅಂತ ಡಂಗುರ ಸಾರಿದರು. ಬಂದವಳ ಕಣ್ಣು ತಿವಿಸಿ ಆಸ್ಪತ್ರೆಯಲ್ಲಿ ಮಲಗಿಸಿದರು.

ನಾನು ಆಸೆಪಟ್ಟದ್ದು ಬೇರೆ ಕಾರಣಕ್ಕೆ. ಈ ಸಲ ನಾಯಕ ಒಬ್ಬ ಕಪ್ಪು ತಂದೆ. ಕತೆ ಶುರುವಾಗೋದು ಹೈಟಿಯಲ್ಲಿ, 2010ರ ಭೂಕಂಪದ ದಿನ. 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದ ಗುಲಾಮರ ನಾಡು ಅದು. ಅವರ ವೂಡೂ ದೈವಗಳನ್ನು ಬಿಳಿಯರು ಸೈತಾನರೆಂದರು. ನಮ್ಮ ಮಾರಿ, ಮಸಣಿಯರನ್ನು ಕ್ಷುದ್ರದೇವತೆಗಳು ಅಂದ ಹಾಗೆಯೇ. ನಿರ್ದೇಶಕ ಡೇವಿಡ್ ಗಾರ್ಡನ್ ಗ್ರೀನ್ ಈ ಗಾಯವನ್ನು ಮುಟ್ಟುತ್ತಾನೆ ಅಂದುಕೊಂಡೆ.

ಮುಟ್ಟಲಿಲ್ಲ. ಹೈಟಿಯವರು ಬಸುರಿಯ ಕೂಸನ್ನು ಹರಸುತ್ತಾರೆ, ನೆಲ ನಡುಗುತ್ತದೆ, ಕ್ಯಾಮೆರಾ ಅಮೆರಿಕಕ್ಕೆ ಓಡುತ್ತದೆ. ಹೆಂಡತಿಯೋ ಮಗುವೋ ಎಂದು ಅಂದು ಆ ತಂದೆ ಆರಿಸಬೇಕಾಗಿತ್ತು. ಮುಂದೆ ದೆವ್ವವೂ ಇಬ್ಬರು ಹುಡುಗಿಯರಲ್ಲಿ ಒಬ್ಬಳನ್ನು ಆರಿಸಿ ಅನ್ನುತ್ತದೆ. ಹೆಣಗಳ ನಡುವೆ ಹುಟ್ಟಿದ ಇಂಥ ಪ್ರಶ್ನೆ ಕೊನೆಗೆ ಬರೀ ಗಿಮಿಕ್ಕಾಗುತ್ತದೆ.

ನಮ್ಮ ಕಡೆ ಮೈಮೇಲೆ ಬಂದ ಹೆಂಗಸು ಊರಿನ ತಪ್ಪನ್ನು ಎತ್ತಿ ಆಡ್ತಾಳೆ. ಊರು ತಲೆ ತಗ್ಗಿಸಿ ಕೇಳುತ್ತೆ. ಈ ದೆವ್ವ ಹೈಟಿಯ ಸತ್ತವರ ಪರವಾಗಿ ಒಂದು ಮಾತೂ ಆಡೋದಿಲ್ಲ. ಇದಕ್ಕೆ ಯಾರು ಹೆದರ್ತಾರೆ?