‘ಕಾಂಟ್ಯಾಕ್ಟ್’: ನಕ್ಷತ್ರ ಹತ್ತಿರ, ತಾಯಿ ದೂರ

1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಗಳಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡ, ಉರ್ದು ಎರಡೂ ಅದರಲ್ಲಿವೆ. ಆ ತಟ್ಟೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸಗಾನ್ (1934-1996). ಕಾಣದ ಅಪರಿಚಿತರಿಗೆ ಸಲಾಮು ಕಳುಹಿಸಿದ ಈತ ಬರೆದದ್ದು ಒಂದೇ ಕಾದಂಬರಿ, 1985ರ ‘ಕಾಂಟ್ಯಾಕ್ಟ್’. ಅದು ಎತ್ತುವ ಪ್ರಶ್ನೆ ಮಾತ್ರ ಮನೆಯೊಳಗಿನದು: ದೂರದವರ ದನಿಗೆ ಕಿವಿಗೊಡುವವರು ಹತ್ತಿರದವರ ದನಿಯನ್ನು ಏಕೆ ಕೇಳಿಸಿಕೊಳ್ಳುವುದಿಲ್ಲ?

ನಾಯಕಿ ಎಲ್ಲೀ ಆರೋವೇ ರೇಡಿಯೋ ಖಗೋಳ ವಿಜ್ಞಾನಿ. ನಾವು ಅಭಿಜಿತ್ ಎನ್ನುವ, ಸುಮಾರು 25 ಜ್ಯೋತಿರ್ವರ್ಷ ದೂರದ ವೇಗಾ ನಕ್ಷತ್ರದ ಕಡೆಯಿಂದ ಬಂದ ಸಂದೇಶವನ್ನು ಆಕೆ ಪತ್ತೆ ಹಚ್ಚುತ್ತಾಳೆ. ಅದರಲ್ಲಿದ್ದ ನಕ್ಷೆಯಂತೆ ಕಟ್ಟಿದ ಯಂತ್ರದಲ್ಲಿ ಐವರು ಪ್ರಯಾಣ ಹೊರಡುತ್ತಾರೆ. ಅವರಲ್ಲಿ ದೇವಿ ಸುಖಾವತಿ ಎಂಬ ಭಾರತೀಯ ವಿಜ್ಞಾನಿಯೂ ಇದ್ದಾಳೆ.

ಎಲ್ಲೀಯ ಅಕ್ಕರೆಯ ಅಪ್ಪ ಅವಳ ಬಾಲ್ಯದಲ್ಲೇ ತೀರಿಕೊಂಡಿದ್ದ. ಅವಳ ವಿಜ್ಞಾನದ ಆಸಕ್ತಿಯನ್ನು ಹಗುರವಾಗಿ ಕಾಣುವವನನ್ನು ತಾಯಿ ಮರುಮದುವೆಯಾದಳು. ಆ ಸಿಟ್ಟು ಮಗಳಲ್ಲಿ ಆರಲೇ ಇಲ್ಲ. ಪಾರ್ಶ್ವವಾಯು ಬಡಿದು ತಾಯಿ ಆರೈಕೆ ಕೇಂದ್ರ ಸೇರಿದಾಗಲೂ ಮಗಳಿಗೆ ಬಿಡುವಿಲ್ಲ. ಕ್ಷೀರಪಥದ ಕೇಂದ್ರದಲ್ಲಿ ಅನ್ಯಲೋಕದ ಜೀವಿ ಅವಳನ್ನು ಅಪ್ಪನ ರೂಪದಲ್ಲೇ ಎದುರುಗೊಳ್ಳುತ್ತದೆ. ಮರಳಿ ಬಂದಾಗ ಭೂಮಿಯಲ್ಲಿ ಕಳೆದಿರುವುದು ಕೇವಲ 20 ನಿಮಿಷ. ಕೈಯಲ್ಲಿ ಪುರಾವೆಯಿಲ್ಲ. ಧರ್ಮಬೋಧಕರಿಂದ ಪುರಾವೆ ಕೇಳುತ್ತಿದ್ದವಳು ಈಗ ತನ್ನ ಮಾತನ್ನು ನಂಬಿ ಎನ್ನಬೇಕಾಗುತ್ತದೆ.

ನಿಜವಾದ ಆಘಾತ ಕೊನೆಯಲ್ಲಿದೆ. ತಾಯಿ ತೀರಿಕೊಂಡ ಮೇಲೆ ಕೈಸೇರಿದ ಪತ್ರ ತಿಳಿಸುತ್ತದೆ: ಆಕೆ ದ್ವೇಷಿಸುತ್ತಿದ್ದ ಮಲತಂದೆಯೇ ಹೆತ್ತ ತಂದೆ. ತಾಯಿ ನಿರ್ದೋಷಿಯಲ್ಲ, ಸತ್ಯ ಮುಚ್ಚಿಟ್ಟವಳು. ಆದರೆ ಕ್ಷಮಿಸಲು, ಕ್ಷಮೆ ಕೇಳಲು ಈಗ ಅವಳಿಲ್ಲ. ಮುಪ್ಪಿನ ತಂದೆತಾಯಿಯರೊಂದಿಗೆ ಮೃದುವಾಗಿ ವರ್ತಿಸಬೇಕೆಂಬ ಕುರ್‌ಆನಿನ ಬೋಧನೆಯ ತೂಕ ಇಂತಹ ಕಡೆ ಅರಿವಾಗುತ್ತದೆ. ಹೆತ್ತವರ ತಪ್ಪುಗಳ ಲೆಕ್ಕ ಮುಗಿಯುವವರೆಗೆ ಆಯುಷ್ಯ ಕಾಯುವುದಿಲ್ಲ.

ಕಾದಂಬರಿಯ ದೋಷವೂ ಇಲ್ಲೇ ಇದೆ. ಯಂತ್ರದ ರಾಜಕೀಯಕ್ಕೆ ಅಧ್ಯಾಯಗಟ್ಟಲೆ ಜಾಗ ಕೊಟ್ಟ ಸಗಾನ್, ಈ ಪತ್ರಕ್ಕೆ ಕೊಟ್ಟದ್ದು ಕೆಲವೇ ಪುಟ. ಮಲತಂದೆಗೆ ಸ್ವಂತ ದನಿಯೇ ಇಲ್ಲ. ಪತ್ರ ಓದಿದ ಮಗಳು ಅವನನ್ನು ಹೇಗೆ ಎದುರಿಸಿದಳು ಎಂಬುದೇ ಓದುಗನಿಗೆ ಬೇಕಾದದ್ದು. ಅಲ್ಲಿಗೆ ಲೇಖಕರು ಹೋಗುವುದಿಲ್ಲ.

ರಾಬರ್ಟ್ ಝೆಮೆಕಿಸ್ ನಿರ್ದೇಶನದ 1997ರ ಚಲನಚಿತ್ರ ಇನ್ನೂ ಸುಲಭದ ದಾರಿ ಹಿಡಿಯಿತು. ಅಲ್ಲಿ ತಾಯಿ ಹೆರಿಗೆಯಲ್ಲೇ ಸತ್ತಿದ್ದಾಳೆ, ಮಲತಂದೆಯ ಪಾತ್ರವೇ ಇಲ್ಲ. ಪ್ರೀತಿಯ ಅಪ್ಪನನ್ನು ಮತ್ತೆ ಕಾಣುವ ಆನಂದ ಉಳಿಯಿತು, ಕ್ಷಮಿಸುವ ಕಷ್ಟ ಹೋಯಿತು. ಚಿತ್ರ ನೋಡಿದವರೂ ಪುಸ್ತಕ ಓದಬೇಕಾದದ್ದು ಆ ಕಷ್ಟಕ್ಕಾಗಿ.